ಹನ್ನೊಂದು ಜನರ ಪ್ರಾರ್ಥನೆ

ಫೆಬ್ರವರಿ 5, ಗುರುವಾರ

ಪ್ರೀತಿಯ ಮಗಳೇ,

ನಿನ್ನ ಪತ್ರ ಬಂದು ಹನ್ನೆರಡು ದಿನ ಆಯಿತು. ಮಧ್ಯೆ ನೀನು ಕೆಳಗಿನ ಅಂಗಡಿಗೆ ಫೋನ್ ಮಾಡಿದ್ದು ಲೆಕ್ಕಕ್ಕಿಲ್ಲ. ಅಂಗಡಿಯವರು, ಅವರ ಹೆಂಡತಿ, ಸೋಪು ಕೊಳ್ಳಲು ಬಂದವರು ಎಲ್ಲರೂ ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿರುವಾಗ ನಾನು "ಊಟ ಆಯ್ತಾ" ಅನ್ನುವುದು, ನೀನು "ಹೂಂ" ಅನ್ನುವುದು, ಇದನ್ನು ಮಾತು ಅನ್ನುತ್ತಾರಾ? ಪತ್ರ ಬರಿ. ಪತ್ರದಲ್ಲಾದರೆ ನೀನು ಸ್ವಲ್ಪ ಬಾಯಿ ಬಿಡುತ್ತೀಯ.

ಇಲ್ಲಿ ಎಲ್ಲ ಎಂದಿನ ಹಾಗೆ. ನಿಮ್ಮಪ್ಪನಿಗೆ ಈ ವಾರ ಬೆಳಗಿನ ಬಸ್ಸು ಓಡಿಸುವ ಪಾಳಿ. ನನಗೆ ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಕೈತುಂಬ ಕೆಲಸ. ನಡುವೆ ಸವೆದ ಹಾಸಿಗೆ ಹೊದಿಕೆಗಳು ಅರವತ್ತು ಬಂದಿವೆ. ಉದ್ದಕ್ಕೆ ಸೀಳಿ, ಗಟ್ಟಿಯಿರುವ ಅಂಚುಗಳನ್ನು ನಡುವಿಗೆ ತಂದು ಹೊಲಿಯುತ್ತಿದ್ದೇನೆ. ಬೆನ್ನು ನನ್ನದಲ್ಲ ಅನ್ನಿಸುತ್ತಿದೆ.

ನಿನ್ನ ತಂಗಿ ಗುಬ್ಬಿ ಈಗ ನಾಲ್ಕನೇ ತರಗತಿಯಲ್ಲಿ ಓದುವ ವಕೀಲೆ. ನಾನು ಮನೆಯಲ್ಲಿ ಬೈಬಲ್ ವಾಕ್ಯದ ಚೀಟಿ ಅಂಟಿಸುವುದು ನಿನಗೆ ಗೊತ್ತೇ ಇದೆ. ಪಾತ್ರೆ ತೊಳೆಯುವ ಜಾಗದ ಮೇಲೆ, ಏನು ಮಾಡಿದರೂ ಮನುಷ್ಯರಿಗೆಂದಲ್ಲ, ಕರ್ತನಿಗೆಂದು ಮನಸಾರೆ ಮಾಡಬೇಕು ಅನ್ನುವ ಚೀಟಿ ಹಾಕಿದ್ದೆ. ಮೊನ್ನೆ ಪಾತ್ರೆ ತೊಳೆಯಲು ಇವಳ ಸರದಿ. ಚೀಟಿ ಓದಿ, "ತೊಳೆಯೋದು ಕರ್ತನಿಗೋಸ್ಕರ ಸರಿ. ಆದ್ರೆ ತಿಂದಿದ್ದು ಅಪ್ಪ ಅಲ್ವಾ?" ಅಂದಳು. ನಿಮ್ಮಪ್ಪ ಕೆಮ್ಮು ಬರುವಷ್ಟು ನಕ್ಕು, ಎದ್ದು ಹೋಗಿ ತಾವೇ ತೊಳೆದರು. ನನ್ನ ಪಾಠ ಹೀಗೆ ನೀರಲ್ಲಿ ಹೋಯಿತು.

ನಿನ್ನೆ ಇನ್ನೊಂದು. ನನ್ನ ಬಟ್ಟೆ ಕತ್ತರಿಯಲ್ಲಿ ಇವಳು ರಟ್ಟು ಕತ್ತರಿಸಿದ್ದಳು. ಕತ್ತರಿ ಮೊಂಡಾಯಿತು, ನಾನು ಚೆನ್ನಾಗಿ ಬೈದೆ, ಇವಳು ಮುಖ ಊದಿಸಿಕೊಂಡು ಮಂಚದ ಕೆಳಗೆ ಸೇರಿದಳು. ಸೂರ್ಯ ಮುಳುಗುವ ಮುಂಚೆ ಕೋಪ ತೀರಬೇಕು ಅನ್ನುವುದು ನಮ್ಮ ಮನೆಯ ಕಾನೂನು ತಾನೆ? ಕಿಟಕಿಯಲ್ಲಿ ನೋಡಿದರೆ ಹೊತ್ತು ಇಳಿಯುತ್ತಿದೆ. ಮಂಚದ ಕೆಳಗೆ ಬಗ್ಗಿ, "ರಾಜಿ ಆಗೋಣ ಬಾರೇ" ಅಂದೆ. "ಇನ್ನೂ ಹತ್ತು ನಿಮಿಷ ಇದೆ. ಅಲ್ಲೀವರೆಗೂ ಕೋಪ ಮಾಡ್ಕೋತೀನಿ" ಅಂದಳು. ಹತ್ತು ನಿಮಿಷ ಪೂರ್ತಿ ಮಾಡಿಕೊಂಡೇ ಹೊರಬಂದಳು.

ಇದರ ಜೊತೆ ನಿನಗೊಂದು ಚೀಟಿ ಇಟ್ಟಿದ್ದೇನೆ. ಹೆದರಬೇಡ, ನಾನೇ ನಿನ್ನೊಂದಿಗಿದ್ದೇನೆ ಅನ್ನುವ ಪ್ರವಾದಿಯ ಮಾತು. ಕೆಲಸದ ಮೇಜಿನ ಹತ್ತಿರ ಅಂಟಿಸಿಕೋ. ಭಾನುವಾರ ತಪ್ಪದೆ ಸಭೆಗೆ ಹೋಗುತ್ತಿದ್ದೀಯಲ್ಲ?

ಪ್ರೀತಿಯಿಂದ,
ಅಮ್ಮ


ಫೆಬ್ರವರಿ 15, ಭಾನುವಾರ

ಅಮ್ಮಾ,

ಚೀಟಿ ಬಂತು. ನನ್ನ ಕಪಾಟಿನ ಬಾಗಿಲಿನ ಒಳಗಡೆ ಅಂಟಿಸಿದ್ದೇನೆ. ಮೇಜಿನ ಮೇಲೆ ಅಂಟಿಸಿದರೆ ಅರ್ಧ ದಿನದಲ್ಲಿ ಅಚ್ಚಿನ ಪ್ಲಾಸ್ಟರ್ ಪುಡಿ ಹತ್ತಿ ಬೆಳ್ಳಗಾಗುತ್ತದೆ. ಇಲ್ಲಿ ಎಲ್ಲವೂ ಬೆಳ್ಳಗೆ. ನನ್ನ ಹುಬ್ಬು ಕೂಡ.

ಗುಬ್ಬಿಗೆ ಹೇಳು, ಅವಳ ವಾದದಲ್ಲಿ ಹುರುಳಿದೆ.

ನಮ್ಮ ಕಾರ್ಯಾಗಾರದಲ್ಲಿ ಜನವರಿಯಿಂದ ನಾನು ಪೂರ್ತಿ ಕೃತಕ ಕಾಲು ಮಾಡುತ್ತಿದ್ದೇನೆ. ಮೊದಲು ಉಜ್ಜುವುದು, ಪಟ್ಟಿ ಹೊಲಿಯುವುದು ಅಷ್ಟೇ ಇತ್ತು. ಈಗ ಅಳತೆ ತೆಗೆಯುವುದು, ಒದ್ದೆ ಪಟ್ಟಿ ಸುತ್ತಿ ಅಚ್ಚು ತೆಗೆಯುವುದು, ತೊಡಿಸಿ ನಡೆಸಿ ನೋಡುವುದು ಎಲ್ಲ ನಂದೇ. ಮೇಷ್ಟ್ರು ಹಿಂದೆ ನಿಂತು ಗೊಣಗುತ್ತಾರೆ. ಅವರು ಗೊಣಗಿದರೆ ಸರಿಯಾಗಿದೆ ಅಂತ ಅರ್ಥ. ಸುಮ್ಮನಿದ್ದರೆ ಬಿಚ್ಚಿ ಮತ್ತೆ ಮಾಡಬೇಕು.

ಕಳೆದ ತಿಂಗಳು ಆರು ವರ್ಷದ ಹುಡುಗಿಯೊಬ್ಬಳು ಬಂದಳು. ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ. ಅವಳಿಗೆ ನಾನೇ ಮಾಡಿದೆ. ತೊಡಿಸಿ, ಎರಡು ಕಂಬಿಗಳ ನಡುವೆ ನಿಲ್ಲಿಸಿದೆ. ಎಡಗಾಲನ್ನೂ ಇದನ್ನೂ ತುಂಬಾ ಹೊತ್ತು ನೋಡಿದಳು. ಆಮೇಲೆ, "ಅಕ್ಕಾ, ಇದೂ ಬೆಳೆಯುತ್ತಾ?" ಅಂತ ಕೇಳಿದಳು.

ಇಲ್ಲ ಅಂದೆ. ವರ್ಷ ವರ್ಷ ಹೊಸದು ಮಾಡಿಕೊಡ್ತೀವಿ ಅಂದೆ. ಅವಳು ಸರಿ ಅಂದಳು. ಅವಳ ಅಮ್ಮ ಗೋಡೆಯ ಕಡೆ ತಿರುಗಿ ನಿಂತರು.

ಅಮ್ಮಾ, ಆವತ್ತಿನಿಂದ ನನಗೆ ಪ್ರಾರ್ಥನೆ ಮಾಡಲು ಆಗುತ್ತಿಲ್ಲ. ಮೊಣಕಾಲೂರುತ್ತೇನೆ, ಕಣ್ಣು ಮುಚ್ಚುತ್ತೇನೆ, ಏನೂ ಇಲ್ಲ. ದೇವರ ಮೇಲೆ ಕೋಪ ಅಂತಲ್ಲ. ಕೋಪ ಇದ್ದಿದ್ದರೆ ಜಗಳವಾದರೂ ಆಡುತ್ತಿದ್ದೆ. ಫೋನ್ ಎತ್ತಿದಾಗ ಆ ಕಡೆ ಶಬ್ದವೇ ಇರುವುದಿಲ್ಲವಲ್ಲ, ಹಾಗೆ. ಮೂರು ಭಾನುವಾರದಿಂದ ಸಭೆಗೂ ಹೋಗಿಲ್ಲ. ನೀನು ಕೇಳಿದ್ದರಿಂದ ಹೇಳುತ್ತಿದ್ದೇನೆ, ನಿನಗೆ ಸುಳ್ಳು ಬರೆಯಲು ಮನಸ್ಸು ಬರಲಿಲ್ಲ.

ಇದನ್ನು ಯಾರಿಗೂ ಹೇಳಬೇಡ. ಅಪ್ಪನಿಗೂ ಬೇಡ. ನಿನಗೊಬ್ಬಳಿಗೇ ಹೇಳಿದ್ದು.

ನಿನ್ನ ಮಗಳು


ಫೆಬ್ರವರಿ 26, ಗುರುವಾರ

ನನ್ನ ಬಂಗಾರವೇ,

ನಿನ್ನ ಪತ್ರ ಓದಿದೆ. ಹೊಲಿಗೆ ಯಂತ್ರದ ಮುಂದೆ ಕೂತು ಒಂದೇ ಹೊದಿಕೆಯನ್ನು ಎರಡು ಸಲ ಹೊಲಿದು ಬಿಚ್ಚಿದೆ. ಆದರೆ ಈಗ ಮನಸ್ಸು ಹಗುರವಾಗಿದೆ. ಯಾಕೆ ಅಂತ ಹೇಳುತ್ತೇನೆ, ನಿನಗೂ ಹಗುರವಾಗುತ್ತದೆ.

ನೀನು ಹೇಳಿದ ಹಾಗೆ ಯಾರಿಗೂ ಹೇಳಲಿಲ್ಲ. ಅಪ್ಪನಿಗೂ ಇಲ್ಲ. ನಿನ್ನೆ ತಾಯಂದಿರ ಕೂಟದಲ್ಲಿ ಪ್ರಾರ್ಥನೆಗೆ ಮಾತ್ರ ಕೊಟ್ಟೆ. ನಾವೆಲ್ಲ ಅಮ್ಮನವರು ಅನ್ನುವ ಸಭಾಪಾಲಕರ ಹೆಂಡತಿ, "ಯಾರಿಗಾದ್ರೂ ಪ್ರಾರ್ಥನಾ ವಿಷಯ ಇದೆಯಾ?" ಅಂತ ಕೇಳಿದರು. ನಾನು ಎದ್ದು ನಿಂತೆ. ನಿನ್ನ ಹೆಸರು ಹೇಳಲಿಲ್ಲ, ನಿನ್ನ ಅಮ್ಮ ಅಷ್ಟು ದಡ್ಡಿಯಲ್ಲ. "ನನಗೆ ಬೇಕಾದ ಒಬ್ಬಳು ಹುಡುಗಿ, ಮನೆಯಿಂದ ದೂರ ಕಲೀತಿದ್ದಾಳೆ, ಪ್ರಾರ್ಥನೆ ಬಿಟ್ಟುಬಿಟ್ಟಿದ್ದಾಳೆ" ಅಂದೆ ಅಷ್ಟೇ. ಅಷ್ಟರಲ್ಲಿ ನನಗೆ ಅಳು ಬಂತು. ಹನ್ನೊಂದು ಜನರೂ ಎದ್ದು ಬಂದು ಸುತ್ತ ನಿಂತು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ಎಂಥ ಪ್ರಾರ್ಥನೆ ಅದು! ನೀನು ನೋಡಬೇಕಿತ್ತು.

ಒಬ್ಬರ ಭಾರವನ್ನು ಒಬ್ಬರು ಹೊರಬೇಕು ಅಂತ ಬೈಬಲ್ಲಿನಲ್ಲಿ ಪೌಲ ಬರೆದದ್ದು ಇದಕ್ಕೇ ಅಲ್ಲವಾ? ಈಗ ನೀನು ಒಬ್ಬಳೇ ಅಲ್ಲ. ಹನ್ನೊಂದು ಜನ ದಿನಾ ನಿನಗಾಗಿ ಮೊಣಕಾಲೂರುತ್ತಾರೆ. ಕೂಟ ಮುಗಿದ ಮೇಲೆ ಕೆಲವರು ಆ ಹುಡುಗಿಗೆ ಒಂದೆರಡು ಸಾಲು ಬರೆಯೋಣವಾ ಅಂತ ಕೇಳಿದರು. ಪ್ರೀತಿಯಿಂದ ಕೇಳಿದಾಗ ಹೇಗೆ ಬೇಡ ಅನ್ನಲಿ? ವಿಳಾಸ ಕೊಟ್ಟೆ.

ಈ ಸಲ ಮೂರು ಚೀಟಿ ಇಟ್ಟಿದ್ದೇನೆ. ಒಂದನ್ನಾದರೂ ಮೇಜಿನ ಮೇಲೆ ಅಂಟಿಸು.

ಅಮ್ಮ


ಮಾರ್ಚ್ 14, ಶನಿವಾರ

ಅಮ್ಮಾ,

ಒಂಬತ್ತು ಪತ್ರ ಬಂದಿವೆ. ಇಬ್ಬರು ಯಾಕೆ ಬರೆದಿಲ್ಲ ಅಂತ ವಿಚಾರಿಸು, ಕಾಯಿಲೆ ಬಿದ್ದಿರಬಹುದು.

ಒಂಬತ್ತರಲ್ಲಿ ಏಳು ಜನ ಕಳೆದುಹೋದ ಕುರಿಯ ಕಥೆ ಬರೆದಿದ್ದಾರೆ. ಒಬ್ಬರು ಕುರಿಯ ಚಿತ್ರ ಬರೆದು ಬಣ್ಣವನ್ನೂ ಹಚ್ಚಿದ್ದಾರೆ. ಹೆಸರು ಹೇಳಲಿಲ್ಲ ಅಂದೆಯಲ್ಲ, ಲಕೋಟೆಯ ಮೇಲೆ ನನ್ನ ಹೆಸರು ದಪ್ಪಕ್ಷರದಲ್ಲಿ ಇದೆ. ಮನೆಯಿಂದ ದೂರ ಕಲಿಯುತ್ತಿರುವ ನಿನಗೆ ಬೇಕಾದ ಹುಡುಗಿಯರು ಎಷ್ಟು ಜನ ಇದ್ದಾರೆ ಅಮ್ಮಾ? ವಿಳಾಸ ಕೊಟ್ಟ ಮೇಲೆ ಇನ್ನೇನು ಗುಟ್ಟು?

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನಿಮ್ಮ ಕೂಟದ ಒಬ್ಬ ಆಂಟಿ ನಮ್ಮ ಹಾಸ್ಟೆಲಿನ ಮೇಲ್ವಿಚಾರಕಿಗೂ ಬರೆದಿದ್ದಾರೆ. ಈ ಹುಡುಗಿ ದಾರಿ ತಪ್ಪುತ್ತಿದ್ದಾಳೆ, ಒಂದು ಕಣ್ಣಿಟ್ಟಿರಿ ಅಂತ. ಮೇಲ್ವಿಚಾರಕಿ ನನ್ನನ್ನು ಕೋಣೆಗೆ ಕರೆದು, ಯಾರ ಜೊತೆ ಓಡಾಡುತ್ತೀಯ, ಕುಡಿಯುತ್ತೀಯಾ ಅಂತ ಕೇಳಿದರು. ನನ್ನ ಕಪಾಟು ತೆಗೆಸಿ ನೋಡಿದರು. ಬಾಗಿಲ ಒಳಗಡೆ ನಿನ್ನ ಚೀಟಿ ಇತ್ತು. ಅದನ್ನು ಓದಿ, "ಇದನ್ನಾದ್ರೂ ನೋಡಿ ನಾಚಿಕೆಯಾಗ್ಬೇಕು" ಅಂದರು.

ನಾನು ಕೂಟಕ್ಕೆ ಬರೆದಿರಲಿಲ್ಲ. ನನ್ನ ಅಮ್ಮನಿಗೆ ಬರೆದಿದ್ದೆ. ನಿನ್ನಿಂದ ಉತ್ತರವೂ ಬೇಕಿರಲಿಲ್ಲ. ಆ ಮಗು ಕೇಳಿದ್ದು ನನ್ನೊಬ್ಬಳ ತಲೆಯಲ್ಲೇ ಸುತ್ತುತ್ತಿತ್ತು, ಇನ್ನೊಬ್ಬರಿಗೆ ಗೊತ್ತಿರಲಿ ಅನ್ನಿಸಿತು ಅಷ್ಟೇ. ನೀನು ಆ ಮಗುವಿನ ಬಗ್ಗೆ ಒಂದು ಸಾಲೂ ಬರೆಯಲಿಲ್ಲ.

ಸ್ವಲ್ಪ ದಿನ ಬರೆಯುವುದಿಲ್ಲ. ಚೀಟಿಗಳನ್ನು ಕಳಿಸಬೇಡ.


ಮಾರ್ಚ್ 21, ಶನಿವಾರ

ಮಗಳೇ,

ನಿನ್ನ ಪತ್ರದ ಕೊನೆಯಲ್ಲಿ ಸಹಿಯೂ ಇರಲಿಲ್ಲ.

ಮೇಲ್ವಿಚಾರಕಿಗೆ ಬರೆದದ್ದು ತಪ್ಪು. ಯಾರು ಅಂತ ಗೊತ್ತು, ಅವರಿಗೆ ಹೇಳುತ್ತೇನೆ. ಆದರೆ ಉಳಿದವರು ಏನು ಪಾಪ ಮಾಡಿದರು? ಕುರಿ ಬರೆದವರಿಗೆ ಎಪ್ಪತ್ತು ವರ್ಷ, ಕೈ ನಡುಗುತ್ತದೆ. ಆ ಬಣ್ಣ ಹಚ್ಚಲು ಅವರಿಗೆ ಒಂದು ಮಧ್ಯಾಹ್ನವೇ ಹಿಡಿದಿರಬೇಕು. ನೀನು ಅದನ್ನು ಲೇವಡಿ ಮಾಡಿದೆ.

ನಾನು ಮನೆ ಮಾತನ್ನು ಬೀದಿಗೆ ಹಾಕಲಿಲ್ಲ. ದೇವರ ಮುಂದೆ ಇಟ್ಟೆ. ಇಷ್ಟು ವರ್ಷ ನಿಮ್ಮಿಬ್ಬರ ಜ್ವರ, ಪರೀಕ್ಷೆ, ಅಪ್ಪನ ಕಣ್ಣಿನ ಶಸ್ತ್ರಚಿಕಿತ್ಸೆ ಎಲ್ಲವನ್ನೂ ಆ ಕೂಟದಲ್ಲೇ ಇಟ್ಟಿದ್ದೇನೆ. ಆಗ ನೀನು ಏನೂ ಅನ್ನಲಿಲ್ಲ. ತಂದೆತಾಯಿಯನ್ನು ಗೌರವಿಸಬೇಕು ಅನ್ನುವುದನ್ನು ನಾನು ನಿನಗೆ ಚೀಟಿಯಲ್ಲಿ ಬರೆದು ಕಳಿಸಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಸೂರ್ಯ ಏಳು ಸಲ ಮುಳುಗಿದ. ನಾನು ಎಣಿಸುತ್ತಿದ್ದೇನೆ.

ಅಮ್ಮ


ಏಪ್ರಿಲ್ 30, ಗುರುವಾರ

ಮಗಳೇ,

ಎಣಿಸುವುದನ್ನು ಬಿಟ್ಟೆ.

ನಿನಗೆ ಪರೀಕ್ಷೆ ಹತ್ತಿರ ಬಂದಿದೆ, ಅದಕ್ಕೇ ಬರೆಯಲು ಬಿಡುವಿಲ್ಲ ಅಂತ ಗುಬ್ಬಿಗೆ ಹೇಳಿದ್ದೇನೆ. ಅವಳು, "ಜೂನ್ ಪರೀಕ್ಷೆಗೆ ಮಾರ್ಚಿಂದಾನೇ ಬಿಡುವಿಲ್ವಾ?" ಅಂತ ಹುಬ್ಬು ಹಾರಿಸಿದಳು. ಕೂಟದಲ್ಲಿ ಪ್ರತಿ ಬುಧವಾರ ಅಮ್ಮನವರು, "ಮಗಳು ಈಗ ಹೇಗಿದ್ದಾಳೆ?" ಅಂತ ಎಲ್ಲರ ಮುಂದೆ ಕೇಳುತ್ತಾರೆ. "ಚೆನ್ನಾಗಿದ್ದಾಳೆ" ಅನ್ನುತ್ತೇನೆ. "ದೇವರಿಗೆ ಸ್ತೋತ್ರ" ಅನ್ನುತ್ತಾರೆ. ನಾನೂ ಅನ್ನುತ್ತೇನೆ.

ನಿಮ್ಮಪ್ಪನಿಗೆ ವಿಷಯ ಗೊತ್ತಾಯಿತು. ನಾನು ಹೇಳಲಿಲ್ಲ. ಕೂಟದ ಒಬ್ಬರ ಗಂಡ ಬಸ್ ನಿಲ್ದಾಣದಲ್ಲಿ ಸಿಕ್ಕಿ, ನಿಮ್ಮ ಮಗಳಿಗಾಗಿ ನಾವೂ ಪ್ರಾರ್ಥಿಸುತ್ತಿದ್ದೇವೆ ಅಂದರಂತೆ. ಮನೆಗೆ ಬಂದು ಊಟಕ್ಕೆ ಕೂತರು. ಅರ್ಧ ಊಟ ಆದ ಮೇಲೆ, "ನನ್ನ ಬಸ್ಸಲ್ಲಿ ದಿನಾ ಜನ ನನ್ನ ಬೆನ್ನ ಹಿಂದೇನೇ ಕೂತು ಮನೆ ಕಥೆಯೆಲ್ಲ ಮಾತಾಡ್ತಾರೆ. ನಾನು ಒಂದು ದಿನಾನೂ ತಿರುಗಿ ನೋಡಿಲ್ಲ. ಅದಕ್ಕೇ ಮಾತಾಡ್ತಾರೆ" ಅಂದರು. ಮತ್ತೆ ಊಟ ಮಾಡಿದರು. ಇದನ್ನು ಯಾಕೆ ಹೇಳಿದರೋ ನನಗೆ ತಿಳಿಯಲಿಲ್ಲ. ಮಾತು ಕಡಿಮೆ ಆಡುವವರ ಜೊತೆ ಇದೊಂದು ಕಷ್ಟ.

ಬೇಸಿಗೆ ಜೋರಾಗಿದೆ. ತೆಳು ಬಟ್ಟೆಯ ಎರಡು ಮೇಲಂಗಿ ಹೊಲಿದು ಕಳಿಸುತ್ತಿದ್ದೇನೆ. ಅಚ್ಚಿನ ಪುಡಿ ಕೂರದ ಹಾಗೆ ಜೇಬಿಗೆ ಮುಚ್ಚಳ ಇಟ್ಟಿದ್ದೇನೆ. ಜೇಬಿನಲ್ಲಿ ಚೀಟಿ ಇಲ್ಲ, ಹುಡುಕಬೇಡ.

ಅಮ್ಮ


ಮೇ 17

ಅಮ್ಮಾ,

ಮೇಲಂಗಿ ಸರಿಯಾಗಿವೆ. ಮೇಷ್ಟ್ರು ನೋಡಿ ತಮಗೂ ಒಂದು ಬೇಕು ಅಂದರು. ಆರೋಗ್ಯವಾಗಿದ್ದೇನೆ. ಪರೀಕ್ಷೆ ಜೂನ್ ಎರಡನೇ ವಾರ.

ಮಗಳು


ಜೂನ್ 18, ಗುರುವಾರ

ಮಗಳೇ,

ಈ ಪತ್ರವನ್ನು ಎರಡು ಸಲ ಬರೆದು ಹರಿದು ಹಾಕಿದ್ದೇನೆ. ಇದು ಮೂರನೆಯದು. ಉದ್ದವಿದೆ, ಕೂತು ಓದು.

ಗುಬ್ಬಿಗೆ ಕಳೆದ ವಾರ ಮೂರು ದಿನ ಬೆಳಗ್ಗೆ ಹೊಟ್ಟೆನೋವು. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಬರುತ್ತದೆ, ಹತ್ತು ಗಂಟೆಗೆ ಹೋಗುತ್ತದೆ. ಆಟ ಕಟ್ಟುತ್ತಿದ್ದಾಳೆ ಅಂದುಕೊಂಡೆ. ನಾಲ್ಕನೇ ದಿನ ಸಂಜೆ ನಾನು ಹೊಲಿಯುತ್ತಿದ್ದೆ, ಬಾಗಿಲ ಹತ್ತಿರ ಬಂದು ನಿಂತಳು. ಅವಳು ನಿಲ್ಲುವವಳಲ್ಲ, ನೆಗೆಯುವವಳು. ಏನೇ ಅಂದೆ.

"ಅಮ್ಮಾ, ನಿಂಗೊಂದು ವಿಷಯ ಹೇಳ್ಬೇಕು. ಆದ್ರೆ ನೀನು ಅದನ್ನ ಪ್ರಾರ್ಥನೆಗೆ ಕೊಡಬಾರದು."

ಯಂತ್ರ ನಿಲ್ಲಿಸಿದೆ. ಯಾಕೆ ಹಾಗಂತೀಯ ಅಂದೆ.

"ಅಕ್ಕಂದು ಕೊಟ್ಟೆಯಲ್ಲ. ಆಮೇಲೆ ಅಕ್ಕ ಏನೂ ಹೇಳ್ತಾನೇ ಇಲ್ಲ."

ಒಂಬತ್ತು ವರ್ಷದ ಮಗು. ನನ್ನ ಹೊಟ್ಟೆಯಲ್ಲಿ ಹುಟ್ಟಿದ್ದು. ನನ್ನ ಹತ್ತಿರ ಬಾಯಿ ಬಿಡುವ ಮುಂಚೆ ನನ್ನಿಂದ ಭಾಷೆ ತೆಗೆದುಕೊಳ್ಳುತ್ತಿದೆ. ಅದೂ ಪ್ರಾರ್ಥನೆ ಅನ್ನುವ ಪದವನ್ನು ಯಾವುದೋ ಹಲ್ಲಿನ ವೈದ್ಯರ ಹೆಸರು ಹೇಳುವ ಹಾಗೆ ಹೇಳುತ್ತಿದೆ. ನನಗೆ ನಾಚಿಕೆಯಾಯಿತು. ಈ ಮನೆಯಲ್ಲಿ ನಾನು ಆ ಪದಕ್ಕೆ ಏನು ಮಾಡಿಟ್ಟೆ ಅನ್ನಿಸಿತು.

ಭಾಷೆ ಕೊಟ್ಟೆ. ಅವಳು ಹೇಳಿದಳು. ಏನು ಹೇಳಿದಳು ಅಂತ ನಿನಗೂ ಬರೆಯುವುದಿಲ್ಲ. ಅಪ್ಪನಿಗೂ ಹೇಳಿಲ್ಲ. ದೊಡ್ಡದೇನಲ್ಲ, ಈಗ ಸರಿಹೋಗಿದೆ. ಆದರೆ ಅದು ಅವಳದ್ದು. ನಾಲಿಗೆಯ ತುದಿಯವರೆಗೆ ಬಂದದ್ದನ್ನು ನಾಲ್ಕು ದಿನದಿಂದ ನುಂಗುತ್ತಿದ್ದೇನೆ. ನಿನ್ನ ವಿಷಯ ಬಂದಾಗ ನಾಲ್ಕು ದಿನ ಇರಲಿ, ಸಿಕ್ಕಿದ ಮೊದಲ ಬುಧವಾರಕ್ಕೇ ಎದ್ದು ನಿಂತೆ.

ನಿನ್ನೆ ಕೂಟಕ್ಕೆ ಹೋಗಿದ್ದೆ. ಅಮ್ಮನವರು ಎಂದಿನ ಹಾಗೆ ಕೇಳಿದರು. ಎದ್ದು ನಿಂತು, "ಫೆಬ್ರವರಿಯಲ್ಲಿ ನಾನು ನಿಮಗೆ ಒಂದು ವಿಷಯ ಕೊಟ್ಟೆ. ಅದನ್ನ ಕೊಡೋ ಹಕ್ಕು ನನಗಿರಲಿಲ್ಲ. ಯಾರಿಗೂ ಹೇಳಬೇಡ ಅಂತ ನನ್ನ ಮಗಳು ಹೇಳಿದ್ದಳು. ಇನ್ನು ಮುಂದೆ ಅವಳ ಬಗ್ಗೆ ನನ್ನನ್ನ ಕೇಳಬೇಡಿ" ಅಂದೆ. ಮೇಲ್ವಿಚಾರಕಿಗೆ ಬರೆದವರು, "ನಾವು ಒಳ್ಳೇದಕ್ಕೇ ಮಾಡಿದ್ದು" ಅಂದರು. "ನಾನೂ ಹಾಗೇ ಅಂದ್ಕೊಂಡಿದ್ದೆ" ಅಂದೆ.

ಹೊರಗೆ ಗೇಟಿನ ಹತ್ತಿರ ಒಬ್ಬರು ನನ್ನ ಹಿಂದೆ ಬಂದರು. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವರು, ಕೂಟದಲ್ಲಿ ಬಾಯಿಯೇ ತೆರೆಯದವರು. ನಿನಗೆ ಬರೆಯದ ಇಬ್ಬರಲ್ಲಿ ಇವರೂ ಒಬ್ಬರು. "ನಿಮ್ಮ ಮಗಳದ್ದು ಅಂತ ಆವತ್ತೇ ಗೊತ್ತಾಯ್ತು. ಗೊತ್ತಾಗಬಾರದಿತ್ತು ಅನ್ನಿಸ್ತು. ಅದಕ್ಕೇ ಬರೆಯಲಿಲ್ಲ, ಮನೆಯಲ್ಲೇ ಪ್ರಾರ್ಥನೆ ಮಾಡಿದೆ" ಅಂದರು. ಪ್ರಾರ್ಥಿಸುವಾಗ ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಳ್ಳಬೇಕು ಅಂತ ಕರ್ತನೇ ಹೇಳಿದ್ದನ್ನು ನಾನು ನೂರು ಸಲ ಓದಿದ್ದೇನೆ. ಮನೆ ತುಂಬ ಚೀಟಿ ಅಂಟಿಸಿದವಳು ಅದೊಂದನ್ನು ಎಲ್ಲೂ ಅಂಟಿಸಿಲ್ಲ. ನಮ್ಮ ಮನೆಯಲ್ಲಿ ಚಿಲಕ ಹಾಕಿಕೊಳ್ಳುವ ಕೋಣೆ ಅಂದರೆ ಬಚ್ಚಲು ಮಾತ್ರ. ನಿನ್ನೆ ಅಲ್ಲೇ ಬಕೆಟ್ ಬೋರಲು ಹಾಕಿ ಕೂತೆ. ಅಪ್ಪ ಎರಡು ಸಲ ಬಾಗಿಲು ತಟ್ಟಿದರು.

ಕ್ಷಮಿಸು ಮಗಳೇ. ಇದರ ಪಕ್ಕದಲ್ಲಿ ವಾಕ್ಯ ಬರೆಯುವುದಿಲ್ಲ. ಬರೆದರೆ ನೀನು ಕ್ಷಮಿಸಲೇಬೇಕು ಅಂತ ಆಗುತ್ತದೆ. ನಿನಗೆ ಆದಾಗ ಕ್ಷಮಿಸು.

ಇನ್ನು ಒಂದು ಮಾತು. ಇದನ್ನು ಇಷ್ಟು ವರ್ಷದಲ್ಲಿ ಯಾರಿಗೂ ಹೇಳಿಲ್ಲ, ನಿಮ್ಮಪ್ಪನಿಗೂ ಇಲ್ಲ.

ನಿನಗೆ ಒಂಬತ್ತು ವರ್ಷ ಇದ್ದಾಗ ನಿನ್ನ ತಮ್ಮ ಹುಟ್ಟಿ, ನಾಲ್ಕು ದಿನ ಇದ್ದು ಹೋದನಲ್ಲ. ಅದಾದ ಮೇಲೆ ಹದಿನಾಲ್ಕು ತಿಂಗಳು ನಾನು ಪ್ರಾರ್ಥನೆ ಮಾಡಲಿಲ್ಲ. ಮಾಡಲು ಆಗಲಿಲ್ಲ. ಸಭೆಯಲ್ಲಿ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದೆ. ಒಳಗೆ ಒಂದಕ್ಷರ ಇರಲಿಲ್ಲ. ಫೋನಿನ ಆ ಕಡೆ ಶಬ್ದವೇ ಇಲ್ಲ ಅಂತ ನೀನು ಬರೆದೆಯಲ್ಲ, ಅದನ್ನು ಓದಿ ಪತ್ರವನ್ನು ಮಡಚಿಟ್ಟೆ. ಆ ಸದ್ದಿಲ್ಲದಿರುವುದು ನನಗೆ ಗೊತ್ತು. ಚೀಟಿ ಬರೆಯಲು ಶುರು ಮಾಡಿದ್ದು ಆಗಲೇ. ಬಾಯಲ್ಲಿ ಮಾತು ಬರದಿದ್ದಾಗ ಕೈಯಾದರೂ ಏನೋ ಮಾಡಲಿ ಅಂತ ಬರೆದೆ. ನಂಬಿಕೆ ಹೆಚ್ಚಾಗಿ ಬರೆದದ್ದಲ್ಲ.

ಇದನ್ನು ನಿನಗೆ ಫೆಬ್ರವರಿಯಲ್ಲೇ ಬರೆಯಬಹುದಿತ್ತು. ಹೆದರಿದೆ. ನನ್ನ ಕಥೆ ಹೇಳುವುದಕ್ಕಿಂತ ನಿನ್ನ ಕಥೆ ಹೇಳುವುದು ಸುಲಭವಾಯಿತು.

ಆ ಮಗು ಈಗ ಹೇಗೆ ನಡೆಯುತ್ತಿದ್ದಾಳೆ? ನಾನು ಅವತ್ತೇ ಕೇಳಬೇಕಿತ್ತು.

ಇದನ್ನು ಯಾರಿಗೂ ಹೇಳಬೇಡ.

ಅಮ್ಮ


ಜುಲೈ 2, ಗುರುವಾರ

ಅಮ್ಮಾ,

ಯಾರಿಗೂ ಹೇಳಿಲ್ಲ. ಪತ್ರವನ್ನು ಊಟದ ಬಿಡುವಿನಲ್ಲಿ ಅಚ್ಚುಗಳ ಕೋಣೆಯಲ್ಲಿ ಓದಿದೆ. ಗೋಡೆಗೆ ಸಾಲಾಗಿ ಇಟ್ಟ ಬಿಳಿ ಕಾಲುಗಳು, ನಡುವೆ ಸ್ಟೂಲಿನ ಮೇಲೆ ನಾನು. ಮೇಷ್ಟ್ರು ಬಾಗಿಲಲ್ಲಿ ನಿಂತು, "ಮನೆಯಲ್ಲಿ ಎಲ್ಲ ಕ್ಷೇಮಾನಾ?" ಅಂದರು. "ಹೂಂ" ಅಂದೆ. ಅಂಗಡಿ ಫೋನಿನಲ್ಲಿ ಅನ್ನುವ ಅದೇ ಹೂಂ.

ನನಗೆ ಆ ವರ್ಷ ನೆನಪಿದೆ. ಸಭೆಯಲ್ಲಿ ನೀನು ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದೆ. ನನಗೆ ಮುಜುಗರವಾಗುತ್ತಿತ್ತು. ತಮ್ಮ ಹೋದದ್ದು ಅಮ್ಮನಿಗೆ ಏನೂ ಅನ್ನಿಸಿಲ್ಲ ಅಂದುಕೊಂಡಿದ್ದೆ. ಒಂಬತ್ತು ವರ್ಷದವಳು ಹಾಗೆ ಅಂದುಕೊಂಡು, ಹನ್ನೆರಡು ವರ್ಷ ಹಾಗೇ ಇಟ್ಟುಕೊಂಡಿದ್ದೆ. ನಾನೂ ನಿನಗೆ ಕ್ಷಮಿಸು ಅನ್ನಬೇಕು.

ಆದರೆ ಸುಳ್ಳು ಬರೆಯುವುದಿಲ್ಲ. ಕೋಪ ಪೂರ್ತಿ ಹೋಗಿಲ್ಲ. ಕಪಾಟು ತೆಗೆಸಿ ನೋಡಿದ್ದು ನೆನಪಾದಾಗೆಲ್ಲ ಮತ್ತೆ ಏರುತ್ತದೆ. ಮುಂಚಿನಷ್ಟಿಲ್ಲ ಅಷ್ಟೇ. ಗುಬ್ಬಿಯ ಹಾಗೆ ನನಗೂ ಇನ್ನು ಸ್ವಲ್ಪ ಹೊತ್ತು ಬೇಕು.

ಮಗು ಸೋಮವಾರ ಬಂದಿದ್ದಳು. ಓಡಲು ಹೋಗಿ ದಢಾರನೆ ಬಿದ್ದಳು. ನಾವೆಲ್ಲ ಎತ್ತಲು ಓಡಿದರೆ ಅವಳು ನೆಲದ ಮೇಲೆ ಕೂತು, "ಇದಕ್ಕೆ ಪೆಟ್ಟೇ ಆಗಲ್ಲ, ಗೊತ್ತಾ?" ಅಂತ ಆ ಕಾಲನ್ನು ತಟ್ಟಿ ತೋರಿಸಿದಳು. ಆರು ತಿಂಗಳಲ್ಲೇ ಅವಳು ಎಷ್ಟು ಬೆಳೆದಿದ್ದಾಳೆ ಅಂದರೆ ಹೊಸ ಅಳತೆ ತೆಗೆಯಬೇಕಾಯಿತು. ನಾನು ಇನ್ನೂ ಪ್ರಾರ್ಥನೆ ಮಾಡುತ್ತಿಲ್ಲ. ಅಳತೆ ತೆಗೆಯುತ್ತೇನೆ.

ಪರೀಕ್ಷೆಯಲ್ಲಿ ಪಾಸಾದೆ. ಹನ್ನೊಂದು, ಹನ್ನೆರಡನೇ ತಾರೀಕು ಎರಡು ದಿನ ರಜೆ ಇದೆ. ಶನಿವಾರ ಬಂದು ಭಾನುವಾರ ಸಂಜೆ ಹೊರಡಬೇಕು. ಬರಲು ತುಂಬಾ ಮನಸ್ಸಿದೆ. ಆದರೆ ಭಾನುವಾರ ಸಭೆಗೆ ಬರಲು ನನ್ನಿಂದ ಆಗದು. ಆ ಹನ್ನೊಂದು ಜನರೂ ತಿರುಗಿ ನೋಡುವುದನ್ನು ನೆನೆಸಿಕೊಂಡರೇ ಕಾಲು ಏಳುವುದಿಲ್ಲ. ನೀವು ಮೂವರೂ ಹೋಗಿ ನಾನೊಬ್ಬಳೇ ಮನೆಯಲ್ಲಿ ಕೂತರೆ ಅದು ಇನ್ನೂ ಕಷ್ಟ.

ಆ ಬೆಳಗ್ಗೆ ನೀನು ನನ್ನ ಜೊತೆ ಮನೆಯಲ್ಲಿ ಇರುತ್ತೀಯಾ? ಆ ಭಾನುವಾರ ಸಭೆಯಲ್ಲಿ ವಾಕ್ಯ ಓದುವ ಸರದಿ ನಿನ್ನದು ಅಂತ ಗುಬ್ಬಿ ಬರೆದಿದ್ದಾಳೆ, ಕನ್ನಡಿ ಮುಂದೆ ನಿಂತು ಓದಿ ಓದಿ ಅಭ್ಯಾಸ ಮಾಡುತ್ತಿದ್ದೀಯಂತೆ. ಜ್ವರ ಬಂದ ದಿನವೂ ನೀನು ಭಾನುವಾರ ತಪ್ಪಿಸಿದವಳಲ್ಲ. ಅದಕ್ಕೇ ಕೇಳಲು ಸಂಕೋಚ. ಆಗದು ಅಂದರೆ ನನಗೆ ಬೇಜಾರಿಲ್ಲ, ಆಗಸ್ಟಿನಲ್ಲಿ ವಾರದ ನಡುವೆ ಬರುತ್ತೇನೆ.

ನಿನ್ನ ಮಗಳು


ಜುಲೈ 8, ಬುಧವಾರ

ಮಗಳೇ,

ಬಾ. ಶನಿವಾರ ಮಧ್ಯಾಹ್ನದ ಬಸ್ಸು ಹಿಡಿದರೆ ಬೆಳಕಿರುವಾಗಲೇ ಮನೆ ಸೇರುತ್ತೀಯ. ಗುಬ್ಬಿ ತನ್ನ ದಿಂಬನ್ನು ನಿನಗೆ ಬಿಟ್ಟುಕೊಡಲು ಒಪ್ಪಿದ್ದಾಳೆ, ಹಾಸಿಗೆಯ ಗೋಡೆ ಕಡೆ ಮಾತ್ರ ಬಿಡುವುದಿಲ್ಲವಂತೆ. ನಿಮ್ಮಪ್ಪ ಪಾಸಾದ ಸುದ್ದಿಯನ್ನು ಇಡೀ ಬಸ್ ನಿಲ್ದಾಣಕ್ಕೆ ಹೇಳಿ ಬಂದಿದ್ದಾರೆ. ಅದು ಗುಟ್ಟು ಅಂತ ನೀನು ಬರೆದಿರಲಿಲ್ಲವಲ್ಲ, ಅದಕ್ಕೇ ನಾನು ಅವರಿಗೆ ಹೇಳಿದ್ದೆ.

ಭಾನುವಾರ ಅಪ್ಪ, ಗುಬ್ಬಿ ಸಭೆಗೆ ಹೋಗುತ್ತಾರೆ. ನಾನು ಹೋಗುವುದಿಲ್ಲ.

ಇವತ್ತು ಕೂಟ ಮುಗಿದ ಮೇಲೆ ಅಮ್ಮನವರ ಹತ್ತಿರ ಹೋಗಿ, ಈ ಭಾನುವಾರ ವಾಕ್ಯ ಓದಲು ಬೇರೆಯವರನ್ನು ನೋಡಿಕೊಳ್ಳಿ ಅಂದೆ. ಅವರು ಗಾಬರಿಯಾದರು. ಹುಷಾರಿಲ್ಲವಾ ಅಂದರು. ಚೆನ್ನಾಗಿದ್ದೇನೆ ಅಂದೆ. ಊರಲ್ಲಿರಲ್ವಾ ಅಂದರು. ಮನೆಯಲ್ಲೇ ಇರ್ತೀನಿ ಅಂದೆ. ಉಳಿದವರೂ ಒಬ್ಬೊಬ್ಬರಾಗಿ ಹತ್ತಿರ ಬಂದು ನಿಂತರು. ಅಮ್ಮನವರು ನನ್ನ ಎರಡೂ ಕೈ ಹಿಡಿದುಕೊಂಡು, ತುಂಬಾ ಪ್ರೀತಿಯಿಂದ, "ಏನಾದ್ರೂ ಪ್ರಾರ್ಥನೆ ಮಾಡಬೇಕಾದ ವಿಷಯ ಇದೆಯಾ?" ಅಂತ ಕೇಳಿದರು.

"ಇದೆ" ಅಂದೆ.

ಎಲ್ಲರೂ ಕಾದರು. ನಾನು ಕೈ ಬಿಡಿಸಿಕೊಂಡು ಮನೆಗೆ ಬಂದೆ.

ಅಮ್ಮ